ಗೋಡೆಗೆ ಬೆನ್ನು

ಜನ ಗೋಡೆಯೊಳಗಿಂದ ಹಾಯ್ದು ಬರಲು ಕಲಿತು ಒಂಬತ್ತು ವರ್ಷವಾಗಿತ್ತು. ಗಂಡಂದಿರಿಂದ ತಪ್ಪಿಸಿಕೊಂಡು ಬಂದ ಹೆಂಗಸರಿಗಾಗಿ ಹುಬ್ಬಳ್ಳಿಯಲ್ಲಿ ಆಶ್ರಯಧಾಮ ನಡೆಸುವ ಪ್ರಭಾವತಿ ಅಂಗಡಿ ಅವರು, ಹಾಯ್ದು ಬರುವವರನ್ನು ತಡೆಯುವ ತಾಮ್ರದ ಜಾಲರಿಯನ್ನು ಗೋಡೆಗಳಿಗೆ ಹಾಕಿಸಲು ಸರ್ಕಾರದ ಭದ್ರತಾ ಅನುದಾನಕ್ಕೆ ಮೂರನೇ ಸಲ ಅರ್ಜಿ ಹಾಕಿದ್ದರು. ತಪಾಸಣೆಗೆ ಬಂದ ಅಧಿಕಾರಿ ಕಿತ್ತೂರ ಅವರು ಅರ್ಜಿಯ ಒಂದು ಸಾಲಿನ ಮೇಲೆ ಬೆರಳಿಟ್ಟರು.

“ಇಲ್ಲಿತನಕ ಒಬ್ರೂ ಒಳಗ ನುಗ್ಗಿಲ್ಲ ಅಂತ ಬರದೀರಿ. ಅಪಾಯನ ಇಲ್ಲಂದ್ರ ಅನುದಾನ ಹೆಂಗ ಕೊಡೋದ್ರಿ?”

“ಸುಳ್ಳು ಬರಿಯಾಕ ನನಗ ಬರಂಗಿಲ್ರೀ ಸರ. ಒಳಗ ಬರ್ರಿ, ತೋರಸ್ತೀನಿ.”

ಹಜಾರದಲ್ಲಿ ಇಪ್ಪತ್ತೆರಡು ಹೆಂಗಸರು ನಾಲ್ಕೂ ಗೋಡೆಗೆ ಬೆನ್ನು ಆನಿಸಿ, ಭುಜಕ್ಕೆ ಭುಜ ತಾಗಿಸಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಬೆನ್ನು ತಾಗಿದ ಕಡೆ ಗೋಡೆಯನ್ನು ಯಾರೂ ದಾಟಲಾರರು.

“ಪಾಳಿ ಮ್ಯಾಲೆ ಕೂಡ್ತಾರ್ರಿ, ಹಗಲೂ ರಾತ್ರೀನೂ. ಆರು ವರ್ಷ ಆತು.”

ಅಷ್ಟರಲ್ಲಿ ತೊಟ್ಟಿಲಲ್ಲಿ ಕೂಸು ಅತ್ತಿತೆಂದು ಒಬ್ಬಳು ಎದ್ದಳು. ಅವಳು ಬಿಟ್ಟ ಜಾಗದಲ್ಲಿ ಗೋಡೆಯ ಸುಣ್ಣ ಉಬ್ಬಿತು. ಗಂಡಸಿನ ಐದು ಬೆರಳು ಹೊರಬಂದವು. ಕಿತ್ತೂರ ಯೋಚಿಸಲೂ ಇಲ್ಲ, ಓಡಿಹೋಗಿ ಅಲ್ಲಿ ತಮ್ಮ ಬೆನ್ನು ಒತ್ತಿ ಕುಳಿತುಬಿಟ್ಟರು. ಬೆರಳುಗಳು ಹಿಂದೆ ಸರಿದವು.

ಪ್ರಭಾವತಿ ಅರ್ಜಿಯನ್ನೂ ಪೆನ್ನನ್ನೂ ಅವರ ಕೈಗಿಟ್ಟರು.

“ಅಲ್ಲೇ ಕುಂತು ಸಹಿ ಮಾಡ್ರಿ ಸರ. ಆಕಿ ಕೂಸು ಮಲಗಿಸಿ ಬರೋತನಕ ಮಾತ್ರ ಏಳಬ್ಯಾಡ್ರಿ.”