ಮಾತಾಡುವ ಶೆಟ್ಟರು

ಓಲೆಯ ತಿರುಪು ಬಿದ್ದುಹೋಯಿತು ಎಂದು ಚೂಡಾಮಣಿ ನೆಲಕ್ಕೆ ಬಗ್ಗಿದರು. ತಿರುಪು ಬಿದ್ದಿರಲಿಲ್ಲ, ಎಡಗೈಯ ಮುಷ್ಟಿಯಲ್ಲಿ ಭದ್ರವಾಗಿತ್ತು. ಬಲಗೈ ಮಾತ್ರ ಪಕ್ಕದ ಮನೆಯ ಬೊಂಬೆ ಹಂತಗಳಿಗೆ ಹೊದಿಸಿದ್ದ ಬಿಳಿ ಪಂಚೆಯ ಅಂಚನ್ನು ಹುಡುಕುತ್ತಿತ್ತು.

“ಅಲ್ಲಿ ವೈರುಗಳಿವೆ ಆಂಟಿ, ಶಾಕ್ ಹೊಡೆದುಬಿಡುತ್ತೆ” ಎಂದಳು ಆ ಮನೆಯ ಮಾಲವಿಕಾ, ತುಂಬ ವಿನಯದಿಂದ. ಆ ವಿನಯ ಕಂಡರೇ ಚೂಡಾಮಣಿಯವರಿಗೆ ಮೈ ಉರಿಯುತ್ತಿತ್ತು.

ರಾಮಕೃಷ್ಣನಗರದ ಅವರ ಬಡಾವಣೆ ಸಂಘ ಪ್ರತಿ ದಸರೆಗೂ ಬೊಂಬೆ ಕೂರಿಸುವ ಸ್ಪರ್ಧೆ ನಡೆಸುತ್ತದೆ. ಒಂಬತ್ತು ವರ್ಷದಿಂದ ಮೊದಲ ಬಹುಮಾನ ಚೂಡಾಮಣಿಯವರ ಮನೆ ಬಿಟ್ಟು ಕದಲಿರಲಿಲ್ಲ. ತಾಯಿ ಬಳುವಳಿಯಾಗಿ ಕೊಟ್ಟ ಪಟ್ಟದ ರಾಜ ರಾಣಿಯರ ಮಹಿಮೆ ಅದು. ಹತ್ತನೆಯದೂ ಬಂದರೆ ಸಂಘದ ಫಲಕದ ಮೇಲೆ ಆ ತಾಯಿಯ ಹೆಸರು ಕೆತ್ತಿಸುವುದೆಂದು ತೀರ್ಮಾನವಾಗಿತ್ತು. ಅಷ್ಟರಲ್ಲಿ ಈ ಮಾಲವಿಕಾ ಪಕ್ಕದ ಮನೆಗೆ ಬಂದಳು, ಜೊತೆಗೆ ಅವಳ ಶೆಟ್ಟರೂ ಬಂದರು.

ಅಂಗಡಿ ಹರಡಿಕೊಂಡು ಕೂತ ಶೆಟ್ಟರ ಬೊಂಬೆ ಎಲ್ಲರ ಮನೆಯಲ್ಲೂ ಇರುತ್ತದೆ. ಈ ಶೆಟ್ಟರು ಮಾತ್ರ ಬಂದವರತ್ತ ಕತ್ತು ತಿರುಗಿಸುತ್ತಿದ್ದರು, ತಕ್ಕಡಿ ಎತ್ತುತ್ತಿದ್ದರು, ತಗಡಿನ ಡಬ್ಬಿಯೊಳಗಿಂದ ಬಂದಂಥ ಕೀಚಲು ದನಿಯಲ್ಲಿ ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಕ್ಯಾಮೆರಾ ಮುಖ ಗುರುತಿಸುತ್ತದೆ, ಮಿಕ್ಕದ್ದನ್ನು ಕಂಪ್ಯೂಟರ್ ಯೋಚಿಸುತ್ತದೆ ಎಂದು ಮಾಲವಿಕಾ ವಿವರಿಸುತ್ತಿದ್ದಳು. ಐವತ್ತು ನಿಮಿಷಕ್ಕೊಮ್ಮೆ ಮೋಟಾರು ಬಿಸಿಯಾಗುತ್ತದೆಂದು ಎಲ್ಲರನ್ನೂ ವರಾಂಡಕ್ಕೆ ಕಳಿಸಿ, ಬಾಗಿಲು ಹಾಕಿ, ಶೆಟ್ಟರಿಗೆ ಹತ್ತು ನಿಮಿಷ ವಿಶ್ರಾಂತಿ ಕೊಡುತ್ತಿದ್ದಳು. ಬೀದಿಯ ಮಕ್ಕಳು ಚೂಡಾಮಣಿಯವರ ಮನೆಯಲ್ಲಿ ಕಡಲೆ ಉಸ್ಲಿ ತಿಂದು, ಕೈ ಒರೆಸಿಕೊಂಡು, ನೇರ ಅಲ್ಲಿಗೇ ಓಡುತ್ತಿದ್ದವು.

“ಚೂಡಾಮಣಿಯವರೇ, ಇವತ್ತು ನಿಮ್ಮ ಉಸ್ಲಿಗೆ ಉಪ್ಪು ಸ್ವಲ್ಪ ಮುಂದು” ಎಂದರು ಶೆಟ್ಟರು.

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಉಪ್ಪು ನಿಜವಾಗಿಯೂ ಮುಂದಾಗಿತ್ತು. ಯಾವ ಮಗು ಬಂದು ಚಾಡಿ ಹೇಳಿತೋ ಎಂದು ಗೊಣಗುತ್ತ ಚೂಡಾಮಣಿ ಮನೆಗೆ ಬಂದರು.

ಸ್ವಲ್ಪ ಹೊತ್ತಿಗೆ ಗಂಡ ಪವಮಾನ ವಾಕಿಂಗ್ ಮುಗಿಸಿ, ಸೊಂಟ ಹಿಡಿದುಕೊಂಡು ಒಳಗೆ ಬಂದರು. ಕಡಕೊಳದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಯಂತ್ರಗಳ ಜೊತೆ ಬಾಳಿದ ಮನುಷ್ಯ. ನಿವೃತ್ತರಾದ ಮೇಲೆ ಹಾಲು ಉಕ್ಕುವ ಮುಂಚೆ ಕೂಗುವ ಗಂಟೆ, ತುಳಸಿಗೆ ತಾನೇ ನೀರು ಹನಿಸುವ ಕೊಳವೆ ಎಂದು ಮನೆ ತುಂಬ ವೈರು ಎಳೆದಿದ್ದರು. ಹೋದ ವರ್ಷ ಪಟ್ಟದ ರಾಜನ ಕೈಯಲ್ಲಿ ನಮಸ್ಕಾರ ಮಾಡಿಸಲು ಹೊರಟಾಗ ಚೂಡಾಮಣಿ ಅಷ್ಟನ್ನೂ ಟ್ರಂಕಿಗೆ ತುಂಬಿ ಬೀಗ ಜಡಿದರು. ಚೂಡಾಮಣಿ ಒಪ್ಪಿಕೊಂಡ ಉಪಕರಣ ಒಂದೇ, ಗೋಕುಲಂನಲ್ಲಿರುವ ಮಗಳು ಸಮನ್ವಿತಾ ಅಪ್ಪನಿಗೆ ಕಟ್ಟಿದ್ದ ಕೈಗಡಿಯಾರ. ಅದು ಹೆಜ್ಜೆ ಎಣಿಸುತ್ತದೆ. ಕಳಚಿಟ್ಟರೆ ಮಗಳ ಫೋನಿಗೆ ದೂರು ಹೋಗುತ್ತದೆ. ಒಂದು ಗಂಟೆ ಕೂತಲ್ಲೇ ಕೂತರೆ, ಮಗಳು ರೆಕಾರ್ಡ್ ಮಾಡಿಕೊಂಡ ಚೂಡಾಮಣಿಯವರದೇ ದನಿಯಲ್ಲಿ ಗದರುತ್ತದೆ.

ಗಂಡನ ಕೈ ಹಿಡಿದು ನೋಡಿದರೆ ಎರಡು ಗಂಟೆಯ ವಾಕಿಂಗಿಗೆ ಇನ್ನೂರ ಹನ್ನೆರಡೇ ಹೆಜ್ಜೆ. ಗಡಿಯಾರ ಕೆಟ್ಟಿರಬೇಕು ಎಂದರು ಪವಮಾನ, ಹಸಿವೂ ಇಲ್ಲವೆಂದರು. ಪಾರ್ಕಿನ ಬೆಂಚು, ಗೆಳೆಯ ಮಹದೇವ, ಬಿಸಿ ಬೋಂಡ ಎಂದು ಚೂಡಾಮಣಿ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಈಗ ಅದಕ್ಕೆಲ್ಲ ಜಗಳವಾಡುವ ಸಮಯವಲ್ಲ. ನೀವು ಯಂತ್ರ ಬಲ್ಲವರು, ಒಂದು ಸಲ ಹೋಗಿ ಆ ಶೆಟ್ಟರ ಗುಟ್ಟೇನೆಂದು ನೋಡಿಕೊಂಡು ಬನ್ನಿ ಎಂದು ಗೋಗರೆದರು.

ಪವಮಾನ ಆಕಳಿಸಿದರು. “ಒಳಗಿರೋದು ಯಾವುದೋ ಹಳೇ ಮಾಲು ಇರಬೇಕು ಕಣೇ. ಮರ್ಯಾದೆ ಕೊಟ್ಟರೆ ಅದೂ ಕೆಲಸ ಮಾಡುತ್ತೆ.”

ಆಯುಧಪೂಜೆಯ ಸಂಜೆ ತೀರ್ಪು. ಹಬ್ಬದ ದಿನವಾದರೂ ಪವಮಾನ ವಾಕಿಂಗ್ ತಪ್ಪಿಸಲಿಲ್ಲ. ಸಂಘದ ಕಾರ್ಯದರ್ಶಿ ಗೋವಿಂದರಾಜು ಬಂದು ಪಟ್ಟದ ಬೊಂಬೆಗಳಿಗೆ ಕೈಮುಗಿದು ಪಕ್ಕದ ಮನೆಗೆ ನಡೆದರು. ಚೂಡಾಮಣಿಯೂ ಬೆನ್ನಿಗೇ ಹೋದರು.

ಗೋವಿಂದರಾಜು ಶೆಟ್ಟರ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ತೊಗರಿಬೇಳೆ ಧಾರಣೆ ಕೇಳಿದರು, ತಮ್ಮ ಮಗನ ಮದುವೆ ಯಾವಾಗ ಎಂದು ಕೇಳಿದರು, ಶೆಟ್ಟರ ಒಂದೊಂದು ಉತ್ತರಕ್ಕೂ ತೊಡೆ ತಟ್ಟಿಕೊಂಡು ನಕ್ಕರು. ಮೋಟಾರು ಬಿಸಿಯಾಗುತ್ತೆ ಎಂದು ಮಾಲವಿಕಾ ಎರಡು ಸಲ ನೆನಪಿಸಿದಳು. ಇನ್ನೊಂದೇ ಪ್ರಶ್ನೆ ಎನ್ನುತ್ತ ಅವರು ಏಳಲೇ ಇಲ್ಲ. ಆಗ ಕರೆಂಟು ಹೋಯಿತು.

ಫ್ಯಾನು ನಿಂತಿತು. ಚೂಡಾಮಣಿಯವರ ಮನಸ್ಸು ಒಳಗೊಳಗೇ ಕುಣಿಯಿತು. ಕರೆಂಟಿಲ್ಲದ ಶೆಟ್ಟರೆಂದರೆ ಬರೀ ಮಣ್ಣು ತಾನೇ. ಯಾರೋ ಫೋನಿನ ಬೆಳಕು ಬಿಟ್ಟರು. ಆ ಬೆಳಕಿನಲ್ಲಿ ಶೆಟ್ಟರು ನಿಧಾನವಾಗಿ ಕತ್ತು ತಿರುಗಿಸಿದರು.

“ಕತ್ತಲಲ್ಲಿ ವ್ಯಾಪಾರ ಇಲ್ಲ ಕಣ್ರೀ, ತೂಕ ತಪ್ಪಿಬಿಡುತ್ತೆ.”

“ಬ್ಯಾಟರಿ ಇದೆ” ಎಂದಳು ಮಾಲವಿಕಾ, ಬೆವರು ಒರೆಸಿಕೊಳ್ಳುತ್ತ.

ಗೋವಿಂದರಾಜು ಇನ್ನು ಮಾತೇ ಬೇಡವೆಂದು ಬಹುಮಾನದ ಹಾಳೆ ಬಿಡಿಸಿ ಪೆನ್ನು ತೆಗೆದರು. ಚೂಡಾಮಣಿಯವರಿಗೆ ಅಳು ಬಂತು. ಅಮ್ಮನ ಹೆಸರು ಕೈತಪ್ಪಿದ ದುಃಖ ಒಂದು ಕಡೆ, ಆ ಟ್ರಂಕಿನ ನೆನಪು ಇನ್ನೊಂದು ಕಡೆ. ಅವತ್ತು ರಾಜನ ಕೈಯಲ್ಲಿ ನಮಸ್ಕಾರ ಮಾಡಿಸಲು ಬಿಟ್ಟಿದ್ದರೆ ಪವಮಾನ ಇದಕ್ಕಿಂತ ಚೆನ್ನಾಗಿ ಮಾಡುತ್ತಿದ್ದರು. ನಾಳೆಯೇ ಬೀಗದ ಕೈ ಅವರಿಗೆ ಕೊಟ್ಟುಬಿಡಬೇಕು ಎಂದುಕೊಂಡರು. ಪಾಪ, ಈ ಕತ್ತಲಲ್ಲಿ ಎಲ್ಲಿ ನಡೆಯುತ್ತಿದ್ದಾರೋ, ಶೆಟ್ಟರನ್ನು ಒಂದು ಸಲವಾದರೂ ನೋಡಬೇಕಿತ್ತು.

ಮಾಲವಿಕಾ ಮತ್ತೆ ಗಡಿಯಾರ ನೋಡಿದಳು. ಶೆಟ್ಟರು ಅಂಗಡಿ ತೆರೆದು ಸರಿಯಾಗಿ ಒಂದು ಗಂಟೆಯಾಗಿತ್ತು.

ಸದ್ದಿಲ್ಲದ ಆ ಕೋಣೆಯಲ್ಲಿ, ಶೆಟ್ಟರ ಅಂಗಡಿಯ ಕೆಳಗಿದ್ದ ಬಿಳಿ ಪಂಚೆಯ ಒಳಗಿಂದ, ಚೂಡಾಮಣಿಯವರದೇ ದನಿ ಗದರಿತು: “ರೀ, ಕೂತಿದ್ದು ಸಾಕು, ಏಳಿ.”