ದಂಡೆವ್ವನ ದರ್ಶನ

ಕಲ್ಲು ಇನ್ನೂ ದೂರವಿರುವಾಗಲೇ ಪಾರವ್ವ ಚಪ್ಪಲಿ ಕಳಚಿ ಗೋಡೆಯ ಬದಿಗಿಟ್ಟಳು. ಠಾಣೆ ಶಹರದ ಮ್ಯೂಸಿಯಮ್ಮಿನ ಕಾವಲುಗಾರ, "ಆಜಿ, ಚಪ್ಪಲ್ ಘಾಲಾ," ಎಂದ. "ನಮ್ಮವ್ವನ ಮುಂದ ಹೆಂಗ ಹಾಕ್ಕೊಳ್ಳಲೆಪಾ?" ಎಂದು ಅವಳು ಕನ್ನಡದಲ್ಲೇ ಕೇಳಿದಳು. ಅವನಿಗೆ ತಿಳಿಯಿತೋ ಇಲ್ಲವೋ, ನಕ್ಕು ಬಿಟ್ಟ.

ಅತ್ತೆ ಸೊಸೆ ಇಬ್ಬರ ಕೊರಳಲ್ಲೂ ಬಾಗಿಲಲ್ಲಿ ಕೊಟ್ಟ ಪುಟ್ಟ ಡಬ್ಬಿ ನೇತಾಡುತ್ತಿತ್ತು. ಕಿವಿಯಲ್ಲಿ ಹುಣಸೆಬೀಜದಷ್ಟು ಇಯರ್‌ಫೋನು, ತಂತಿಯೇ ಇಲ್ಲ. ಯಾವ ಕಲ್ಲಿನ ಹತ್ತಿರ ಹೋಗಿ ನಿಂತರೂ ಅದು ತಾನಾಗಿಯೇ ಆ ಕಲ್ಲಿನ ಸಂಗತಿ ಹೇಳತೊಡಗುತ್ತಿತ್ತು. ಸೊಸೆ ಮಯೂರಿ ಅತ್ತೆಯ ಡಬ್ಬಿಗೆ ಕನ್ನಡ ಹಾಕಿಸಿ, ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ತನಗೆ ಮರಾಠಿ ಹಾಕಿಸಿಕೊಂಡಿದ್ದಳು. "ಎಮ್ಮಿ ಕೊರಳಿಗೆ ಗಂಟಿ ಕಟ್ಟಿದಂಗ ಆತು ನೋಡು," ಎಂದು ಪಾರವ್ವ ಅಲ್ಲೇ ನಕ್ಕಿದ್ದಳು.

ದಂಡೆವ್ವ ಎಂದರೆ ಠಾಣೆಗೆ ಹತ್ತಿರದ ದಿವಾ ಊರಿನ ಕೆರೆದಂಡೆಯಲ್ಲಿ ಅರ್ಧ ಹೂತಿದ್ದ ಕಲ್ಲು. ವಿಜಯಪುರದ ಕಡೆಯಿಂದ ಮದುವೆಯಾಗಿ ಬಂದ ಹೊಸತರಲ್ಲಿ ಪಾರವ್ವ ಮುಳ್ಳುಕಂಟಿ ಸರಿಸಿ ಅದನ್ನು ಕಂಡಿದ್ದಳು. ಮೇಲೆ ಸೂರ್ಯ, ಚಂದ್ರ, ಅವುಗಳ ಕೆಳಗೆ ಒಂದೆರಡು ಸಾಲು ಅಕ್ಷರ, ಉಳಿದದ್ದೆಲ್ಲ ಮಣ್ಣಿನೊಳಗೆ. ಅವಳ ತವರಿನ ಹೊಲದ ಬದುವಿನಲ್ಲೂ ಇಂಥವೇ ಕಲ್ಲುಗಳಿದ್ದವು. ಸುಣ್ಣ ಬಳಿದು, ಮೊದಲ ತೆನೆ ಇಟ್ಟು ಕೈ ಮುಗಿಯುತ್ತಿದ್ದರು. ಹಾಗೆಯೇ ಇದನ್ನೂ ತೊಳೆದಳು, ಅರಿಶಿನ ಕುಂಕುಮ ಹಚ್ಚಿದಳು, ಹೆಸರಿಟ್ಟಳು. ಮಗ ರಾಜಶೇಖರ ಹುಟ್ಟಿದ್ದು ಆಕೆಗೆ ಹೊತ್ತ ಹರಕೆಯಿಂದಲೇ ಎಂದು ನಂಬಿದಳು. ಕೆರೆ ಮುಚ್ಚಿ ಬಿಲ್ಡಿಂಗು ಏಳುವಾಗ ಕಲ್ಲನ್ನು ಕಿತ್ತು ಇಲ್ಲಿಗೆ ತಂದರು. ಅದೇ ಬಿಲ್ಡಿಂಗಿನಲ್ಲಿ ರಾಜಶೇಖರ ಮನೆ ಕೊಂಡ. ಈಗ ಮಯೂರಿಗೆ ಏಳನೇ ತಿಂಗಳು, ನಾಳೆ ಕುಬಸ. ಅದಕ್ಕೂ ಮೊದಲು ಬಸುರಿಯನ್ನು ದಂಡೆವ್ವನಿಗೆ ತೋರಿಸಲೇಬೇಕು ಎಂದು ಅತ್ತೆ ಹಟ ಹಿಡಿದಿದ್ದಳು.

"ಮೊದಲ ನೀ ಹೋಗು. ಹೊಟ್ಟಿ ಮ್ಯಾಲ ಕೈ ಇಟ್ಟು ಬೇಡ್ಕೋ," ಎಂದು ಕಳಿಸಿದಳು.

ಮಯೂರಿ ಮುಂದೆ ಹೋದಳು. ಕಬ್ಬಿಣದ ಚೌಕಟ್ಟಿನಲ್ಲಿ ಕಲ್ಲು ಈಗ ಪೂರ್ತಿ ಹೊರಗೆ ನಿಂತಿತ್ತು. ಎಣ್ಣೆ ಕುಂಕುಮವನ್ನೆಲ್ಲ ತೊಳೆದು ತೆಗೆದಿದ್ದರು. ಕಿವಿಯಲ್ಲಿ ಹೆಣ್ಣುದನಿಯೊಂದು, ಅಡುಗೆ ಹೇಳಿಕೊಡುವಷ್ಟು ಸಾವಕಾಶವಾಗಿ, ಮರಾಠಿಯಲ್ಲಿ ಶುರುವಾಯಿತು. ಇದು ದೇವರ ಕಲ್ಲಲ್ಲ. ಸಾವಿರ ವರ್ಷದ ಹಿಂದೆ ರಾಜನೊಬ್ಬ ದಿವಾದ ಕೆರೆಯನ್ನೂ ಅದರ ಸುತ್ತಲಿನ ನೆಲವನ್ನೂ ಗುಡಿಗೆ ದಾನ ಕೊಟ್ಟ ಶಾಸನ. ಕೆಳಗೆ ಕೆತ್ತಿರುವುದು ಶಾಪ: ಈ ನೆಲವನ್ನು ಕಸಿದವನ ತಾಯಿಯ ಮೇಲೆ ಕತ್ತೆ ಏರಲಿ.

ಮಯೂರಿಯ ಕಣ್ಣು ಕೆಳಗಿಳಿಯಿತು. ಕತ್ತೆ ಇತ್ತು. ಅದರಡಿಯಲ್ಲಿ ಹೆಂಗಸಿದ್ದಳು. ಅವಳ ಕೈಬಳೆಗಳನ್ನೂ ಬಿಡದೆ ಕೆತ್ತಿದ್ದರು.

ತಾವು ಉಣ್ಣುವುದು, ಮಲಗುವುದು ಆ ಕೆರೆಯ ಮೇಲೆಯೇ. ಅಲ್ಲಿ ಮನೆ ಕೊಂಡವನ ತಾಯಿ ಹಿಂದೆ ಬರಿಗಾಲಲ್ಲಿ ನಿಂತಿದ್ದಾಳೆ.

"ಏನಂತಾಳವಾ ನಮ್ಮವ್ವ?" ಪಾರವ್ವ ಕೇಳಿದಳು. ಅವಳ ಕಣ್ಣು ಮಂಜು. ಅಷ್ಟು ದೂರದಿಂದ ಅವಳಿಗೆ ಕಲ್ಲು ಕಾಣುತ್ತಿತ್ತೇ ಹೊರತು ಕೆತ್ತನೆ ಕಾಣುತ್ತಿರಲಿಲ್ಲ.

"ಬರಬ್ಯಾಡ್ರಿ ಅತ್ತಿ! ಇದು... ಇದರ ಮಶೀನ್ ಖರಾಬ್ ಆಗ್ಯದ. ಆ ಕಡೆ ಗಣಪತಿ ಅದಾನ, ಏಕದಂ ಮಸ್ತ್ ಅದಾನ. ಚಲಾ, ಅಲ್ಲಿ ಹೋಗೂಣು."

"ಗಣಪತಿ ಎಲ್ಲಿ ಓಡಿ ಹೋಗ್ತಾನ? ಸರಿ ಅತ್ತಾಗ."

"ಹಂಗಾದ್ರ ಕಿವ್ಯಾಗಿಂದು ತಗೀರಿ. ಪ್ಲೀಸ್ ಅತ್ತಿ." ಮಯೂರಿ ಕೈ ಚಾಚಿದಳು.

ಪಾರವ್ವ ಆ ಕೈಯನ್ನು ತಳ್ಳಿದಳು. "ಹುಚ್ಚಿ! ಇಷ್ಟು ವರ್ಷ ನಾನ ಮಾತಾಡೀನಿ, ಆಕಿ ತುಟಿ ಬಿಚ್ಚಿಲ್ಲ. ಇವತ್ತ ಆಕಿ ಮಾತಾಡೂವಾಗ ತಗೀರಿ ಅಂತೀಯಲ್ಲ!"

ಕಲ್ಲಿನ ಮುಂದೆ ಹೋಗಿ ಕಣ್ಣು ಮುಚ್ಚಿ ಕೈ ಮುಗಿದಳು. ಅವಳ ಕಿವಿಯೊಳಗಿನ ಮಾತು ಮಯೂರಿಗೆ ಕೇಳಿಸುವಂತಿರಲಿಲ್ಲ. ಮುಖವೊಂದನ್ನೇ ನೋಡುತ್ತ ನಿಂತಳು. ಮೊದಲು ಆ ಮುಖ ಕನ್ನಡ ಕೇಳಿದ ಖುಷಿಗೆ ಅರಳಿತು. ಆಮೇಲೆ ಹುಬ್ಬು ಗಂಟಾಯಿತು. ಮುಗಿದ ಕೈಗಳು ನಿಧಾನ ಬಿಟ್ಟುಕೊಂಡವು. ಪಾರವ್ವ ಕಣ್ಣು ತೆರೆದು, ಮೊಣಕಾಲಿಗೆ ಕೈಯೂರಿ ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ಕಲ್ಲಿನ ಬುಡವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಕಾವಲುಗಾರ, "ಕಾಯ್ ಝಾಲ, ಆಜಿ?" ಎಂದು ವಿಚಾರಿಸಿದ್ದು ಅವಳಿಗೆ ಕೇಳಿಸಲಿಲ್ಲ.

"ನಿನ್ನದರಾಗ ಏನಂತು?" ಕಲ್ಲಿನಿಂದ ಕಣ್ಣು ಕೀಳದೆ ಕೇಳಿದಳು.

"ದೇವಿ ಅಂತ ಅಂತು, ಅತ್ತಿ." ಮಯೂರಿ ತನ್ನ ಇಯರ್‌ಫೋನು ಕಿತ್ತು ಮುಷ್ಟಿಯೊಳಗೆ ಮುಚ್ಚಿಕೊಂಡಳು. "ಬಸುರಿ ಬಾಣಂತ್ಯಾರನ್ನ ಕಾಯೋ ದೇವಿ ಅಂತ."

"ಹೌದಾ?" ಪಾರವ್ವ ನೆಟ್ಟಗೆ ನಿಂತಳು. "ನಂದರಾಗೂ ಹಂಗ ಅಂತು. ನೀ ಹೋಗು, ಆ ಗಣಪತಿ ಕಡೆ ಹೋಗಿ ಕುಂದ್ರು. ಹಿಂದ ತಿರುಗಿ ನೋಡಬ್ಯಾಡ."

ಸೊಸೆಯ ಭುಜ ಹಿಡಿದು ಕಲ್ಲಿಗೆ ಬೆನ್ನು ಮಾಡಿಸಿ ಕಳಿಸಿದಳು. ಅವಳು ದೂರವಾಗುವತನಕ, ಮರಿಗೂ ಹದ್ದಿಗೂ ನಡುವೆ ನಿಲ್ಲುವ ಕೋಳಿಯಂತೆ, ಸೆರಗನ್ನು ಎರಡೂ ಕೈಯಲ್ಲಿ ಅಗಲ ಮಾಡಿ ಕಲ್ಲಿಗೆ ಅಡ್ಡ ನಿಂತಳು. ತಾನು ಅಲ್ಲಿಂದ ಕದಲದೆ ನಿಂತದ್ದರಿಂದ ಕಿವಿಯಲ್ಲಿ ಅದೇ ಸಾವಕಾಶದ ದನಿ ಮತ್ತೆ ಮೊದಲಿನಿಂದ ಹೇಳತೊಡಗಿತು. ಕೆರೆ, ನೆಲ, ದಾನ, ಕಸಿದವನ ತಾಯಿ.

"ಅವನ್ನ ಹಡದಾಕಿ ನಾ," ಪಾರವ್ವ ಕಲ್ಲಿಗೆ ಮೆಲ್ಲಗೆ ಹೇಳಿದಳು. "ಇಲ್ಲೇ ಅದೀನಿ. ಆಕಿನ್ನ ಬಿಡು."