ಅಪ್ಪ ಅಂಟಿಸಿದ ಮನೆ

ಅಪ್ಪ ಮುನ್ಸೂಚನೆಯಿಲ್ಲದೆ ಒಳಗೆ ಕಾಲಿಟ್ಟಾಗ ಅವಳ ಗಂಡ ಕೋಟೆಯ ಹೆಬ್ಬಾಗಿಲನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡಿದ್ದ. ಮೇಜಿನ ತುಂಬ ಪ್ಲಾಸ್ಟಿಕ್ಕಿನ ಆಟದ ಇಟ್ಟಿಗೆಗಳು. ಕೆಂಪು ಒಂದು ತಟ್ಟೆಯಲ್ಲಿ, ಬೂದು ಇನ್ನೊಂದರಲ್ಲಿ, ಸಣ್ಣಪುಟ್ಟವೆಲ್ಲ ಚಹಾದ ಲೋಟದಲ್ಲಿ. ವಾರವಿಡೀ ಅವನು ಅಂಗಡಿಯಲ್ಲಿ ಕೆಟ್ಟ ಮೊಬೈಲುಗಳ ಹೊಟ್ಟೆ ಬಗೆಯುತ್ತಿದ್ದ, ಅವಳು ಆಸ್ಪತ್ರೆಯಲ್ಲಿ ರಕ್ತದ ಶೀಶೆಗಳಿಗೆ ಚೀಟಿ ಹಚ್ಚುತ್ತಿದ್ದಳು. ಭಾನುವಾರ ಮಧ್ಯಾಹ್ನ ಬಟ್ಟೆ ಒಣಹಾಕಿದ ಮೇಲೆ ಮಾತ್ರ ಗಂಡ ಹೆಂಡತಿ ಇಬ್ಬರೂ ಮಕ್ಕಳಾಗಿಬಿಡುತ್ತಿದ್ದರು.

"ಅಯ್ಯೋ, ಮುರೀತಾ?" ಅಪ್ಪ ಚೀಲ ಕೆಳಗಿಟ್ಟು ಬಂದೇಬಿಟ್ಟರು. ನಲವತ್ತು ವರ್ಷ ಮರಗೆಲಸ ಮಾಡಿದ ಕೈ, ಏನಾದರೂ ಕಳಚಿದ್ದು ಕಂಡರೆ ಸುಮ್ಮನಿರುವ ಜಾತಿಯದಲ್ಲ. "ನನ್ನ ಹತ್ರ ಗಟ್ಟಿ ಅಂಟಿದೆ. ನಾಳೆ ತಂದ್ಕೊಡ್ತೀನಿ ಬಿಡಿ."

"ಮುರೀಲಿಲ್ಲ ಮಾವ, ತಿರುವುಮುರುವಾಗಿ ಕೂರಿಸಿದ್ದೆ, ಅದಕ್ಕೇ ಕಿತ್ತೆ. ಇದರ ಮಜಾನೇ ಅದು. ಕಟ್ಟೋದು, ಬಿಚ್ಚೋದು, ಬೇರೇನೋ ಕಟ್ಟೋದು. ಅಂಟು ಹಾಕ್ಬಿಟ್ರೆ ಆಟಾನೇ ಮುಗೀತಲ್ಲ!"

ಹೇಳಿ ಮುಗಿಸಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅವಳು ಕಣ್ಣಲ್ಲೇ ಗದರಿದಳು. ಏನು ಪ್ರಯೋಜನ, ಅಪ್ಪನ ನೋಟ ಆಗಲೇ ಕಪಾಟಿನ ಮೇಲಕ್ಕೆ ಹೋಗಿತ್ತು.

ಅಲ್ಲಿ ಕೆಂಪು ಛಾವಣಿಯ, ಎರಡು ಕಿಟಕಿಯ ಪುಟ್ಟ ಮನೆಯೊಂದಿತ್ತು. ಅವಳಿಗೆ ಏಳು ವರ್ಷವಾಗಿದ್ದಾಗ, ಅಪ್ಪ ಬೀರು ಮಾಡಿಕೊಟ್ಟ ಮನೆಯವರು ಖುಷಿಯಿಂದ ಕೊಟ್ಟ ಡಬ್ಬಿಯದು. ಡಬ್ಬಿಯ ಮೇಲಿನ ಚಿತ್ರದಲ್ಲಿ ಇದ್ದಹಾಗೇ ಕಟ್ಟಿ, ಮಗಳ ಆಟಿಕೆ ಬಿದ್ದು ಚೂರಾಗಬಾರದೆಂದು ಅಪ್ಪ ಒಂದೊಂದು ಇಟ್ಟಿಗೆಗೂ ಅಂಟು ಹಚ್ಚಿದ್ದರು. "ಎತ್ತಿ ಒಗೆದ್ರೂ ಏನೂ ಆಗಲ್ಲ" ಎಂದು ಬಂದವರಿಗೆಲ್ಲ ತೋರಿಸಿ ಬೀಗಿದ್ದರು. ಆ ಮುಖ ನೋಡಿದ ಮೇಲೆ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಕದ್ದುಮುಚ್ಚಿ ಮನೆಯನ್ನು ಎರಡು ದಿನ ಬಕೆಟ್ಟಿನಲ್ಲಿ ನೆನೆಹಾಕಿದಳು, ಹಲ್ಲಲ್ಲಿ ಕಚ್ಚಿ ಎಳೆದಳು. ಒಂದು ಹಾಲುಹಲ್ಲು ಉದುರಿತೇ ಹೊರತು ಇಟ್ಟಿಗೆ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಮದುವೆಯಾದ ಹೊಸತರಲ್ಲಿ ಇದನ್ನು ಹೇಳಿದಾಗ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಮರುವಾರವೇ ದೊಡ್ಡದೊಂದು ಡಬ್ಬಿ ಹೊತ್ತು ತಂದು, "ಬಾ, ಬಾಕಿ ಇರೋದನ್ನೆಲ್ಲ ಕಟ್ಟೋಣ" ಎಂದಿದ್ದ. ಅಪ್ಪನಿಗೆ ಮಾತ್ರ ಜನ್ಮದಲ್ಲಿ ಗೊತ್ತಾಗಬಾರದೆಂದು ಅವಳು ಅವನ ಬಾಯಿಗೆ ಬೀಗ ಹಾಕಿದ್ದಳು.

ಅಪ್ಪ ಕುರ್ಚಿ ಎಳೆದುಕೊಂಡು ಕೂತರು. ಎರಡು ಇಟ್ಟಿಗೆ ತೆಗೆದು ಒತ್ತಿದರು, ಎಳೆದರು. ಮತ್ತೆ ಒತ್ತಿದರು, ಮತ್ತೆ ಎಳೆದರು. ಮುಖ ಸಣ್ಣದಾಯಿತು.

"ಅಂದ್ರೆ ನಿನ್ನ ಆಟ ನಾನೇ ಹಾಳು ಮಾಡಿದ್ನಾ ಪುಟ್ಟಿ? ಒಂದು ಮಾತು ಹೇಳ್ಬಾರ್ದಿತ್ತಾ?"

ತಾನು ಹರಿದದ್ದಕ್ಕೆ ತೇಪೆ ಹಾಕಲು ಗಂಡ ಬಾಯಿ ಹಾಕಿದ. "ಹಾಳೇನು ಬಂತು ಮಾವ? ಚಿಕ್ಕೋನಿದ್ದಾಗ ನನ್ನ ಹತ್ರ ಮೂರು ಡಬ್ಬಿ ಇದ್ವು. ಕಟ್ಟಿದ್ದನ್ನ ತೋರ್ಸೋಣ ಅಂದ್ರೆ ಅಪ್ಪಂಗೂ ಪುರುಸೊತ್ತಿಲ್ಲ, ಅಮ್ಮಂಗೂ ಪುರುಸೊತ್ತಿಲ್ಲ. ನಾನೇ ಕಟ್ಟಿ, ನಾನೇ ನೋಡಿ, ನಾನೇ ಬಿಚ್ಚಿಡ್ತಿದ್ದೆ."

ಅಪ್ಪ ಕೇಳಿಸಿಕೊಂಡಂತೆ ಕಾಣಲಿಲ್ಲ. ಕೇಳಿಸಿಕೊಂಡವಳು ಅವಳು. ಈ ಮಾತನ್ನು ಗಂಡ ಇದುವರೆಗೂ ಅವಳಿಗೇ ಹೇಳಿರಲಿಲ್ಲ. ಅವಳು ಅವನ ಮುಖ ನೋಡಿದಳು, ಆಮೇಲೆ ಅಪ್ಪನ ಮುಖ ನೋಡಿದಳು.

"ನಾನು ಆಡ್ಲಿಲ್ಲ ಅಂತ ಯಾರಪ್ಪ ಹೇಳಿದ್ದು?" ಎಂದಳು. "ಅವತ್ತು ನೀವು ಕೆಲಸಕ್ಕೆ ಹೋಗ್ಲೇ ಇಲ್ಲ. ಬೆಳಗ್ಗಿಂದ ಸಂಜೆವರೆಗೂ ನನ್ನ ಜೊತೆ ನೆಲದ ಮೇಲೆ ಕೂತಿದ್ರಿ. ನಾನು ಹುಡುಕಿ ಹುಡುಕಿ ಕೊಡ್ತಿದ್ದೆ, ನೀವು ಕಟ್ತಿದ್ರಿ. ಕಿಟಕಿ ಎಲ್ಲಿಡ್ಲಿ ಮೇಡಂ ಅಂತ ನನ್ನ ಕೇಳಿದ್ರಿ. ದಿನಪೂರ್ತಿ ನೀವು ನನಗೇ ಅಂತ ಸಿಕ್ಕಿದ್ದು ಅವತ್ತು ಒಂದೇ ದಿನ."

ಸಮಾಧಾನಕ್ಕೆಂದು ಶುರುಮಾಡಿದ ಮಾತು. ಹೇಳುತ್ತ ಹೇಳುತ್ತ ಅವಳಿಗೇ ಅದು ನಿಜವೆನ್ನಿಸಿತು. ಇಷ್ಟು ವರ್ಷ ಆ ಮನೆಯನ್ನು ನಗುವುದಕ್ಕೆ ಇಟ್ಟುಕೊಂಡಿದ್ದೆನೇ ಎಂದು ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಒಂದು ದಿನದ ಕೂಲಿ ಬಿಟ್ಟು ನೆಲದ ಮೇಲೆ ಕೂತ ಈ ಮನುಷ್ಯನ ಮೇಲೂ, ಮೂವತ್ತು ದಾಟಿದ ಹೆಂಡತಿಗೆ ಆಟಿಕೆ ಹೊತ್ತು ತಂದ ಆ ಬಾಯಿಬಡುಕನ ಮೇಲೂ ಅಕ್ಕರೆ ಉಕ್ಕಿ ಬಂತು. ತನಗೆ ಸಿಕ್ಕಿದ್ದು ಕಡಿಮೆಯಲ್ಲ ಅನ್ನಿಸಿತು.

ಅಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಹಾಕಿಕೊಂಡರು. ಕೆಂಪು ಇಟ್ಟಿಗೆಯ ತಟ್ಟೆ ಹತ್ತಿರ ಎಳೆದುಕೊಂಡು ಕಟ್ಟಲು ಕೂತರು. ಒಂದು ಸಾಲಿನ ಸಂದು ಇನ್ನೊಂದು ಸಾಲಿನ ಸಂದಿನ ಮೇಲೆ ಬರದಂತೆ, ಬಡಗಿಯ ಲೆಕ್ಕದಲ್ಲಿ. ಅಳಿಯ ಉಸಿರು ಬಿಗಿಹಿಡಿದು ನೋಡಿದ, ಒಂದು ಸಲವೂ ಬಾಯಿ ಹಾಕಲಿಲ್ಲ. ಅವಳು ತಂದಿಟ್ಟ ಚಹಾ ಆರಿ ತಣ್ಣಗಾಗುವ ಹೊತ್ತಿಗೆ ಅಂಗೈಯಗಲದ ಮನೆಯೊಂದು ಎದ್ದು ನಿಂತಿತು.

ಅದನ್ನು ಮಗಳ ಮುಂದೆ ಸರಿಸಿದರು. "ತಗೋ. ಇದಕ್ಕೆ ಅಂಟು ಹಾಕಿಲ್ಲ. ಬಿಚ್ಚು, ನಾನು ನೋಡ್ಬೇಕು."

ಅವಳು ಎರಡೂ ಕೈ ಚಾಚಿ ಛಾವಣಿಯನ್ನು ಹಿಡಿದಳು. ಗಂಡ ಕಾದ, ಅಪ್ಪ ಕಾದರು. ಒಂದೇ ಒಂದು ಇಟ್ಟಿಗೆಯನ್ನು ಎಳೆಯಲೂ ಅವಳಿಗೆ ಕೈ ಬರಲಿಲ್ಲ.